ಬರೀ ಗ್ಯಾಸು

ಫೋನಿನಲ್ಲಿ ಗಂಡನ ಉಸಿರು ಕೇಳಿದ್ದೇ, ಟೈಲರಿಂಗ್ ಅಂಗಡಿಯಲ್ಲಿ ಕೂತಿದ್ದ ಆಕೆ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು. ಲಾರಿಯವರ ಏದುಸಿರು ಅವಳಿಗೆ ಹೊಸದಲ್ಲ, ಆದರೆ ಇದು ಬೇರೆ ಥರ ಇತ್ತು.

"ಯಾಕ್ರೀ ಹಾಗೆ ಉಸಿರಾಡ್ತಿದೀರಾ?"

"ಏನಿಲ್ಲ ಕಣೆ. ಎದೆ ಹತ್ರ ಹಿಡ್ಕೊಂಡ ಹಾಗಿದೆ. ಬರೀ ಗ್ಯಾಸು."

ಈ ಗ್ಯಾಸು ಅನ್ನುವ ಮಾತು ಯಾವ ಪುಣ್ಯಾತ್ಮ ಹುಟ್ಟಿಸಿದನೋ! ಬೆನ್ನು ಹಿಡಿದರೂ ಗ್ಯಾಸು, ತಲೆ ಸುತ್ತಿದರೂ ಗ್ಯಾಸು. ಗಂಡಸರ ಅರ್ಧ ಕಾಯಿಲೆ ಇದರ ಹಿಂದೆಯೇ ಅಡಗಿ ಕೂತಿರುತ್ತದೆ. ಈತನಂತೂ ಗ್ಯಾಸ್ ಟ್ಯಾಂಕರಿನ ಡ್ರೈವರ್. ಹೊಟ್ಟೆಯೊಳಗೂ ಅದೇ, ಬೆನ್ನ ಹಿಂದೆಯೂ ಅದೇ ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ. ಜೊತೆಯವರು ಅವನಿಗೆ ಕೋಳಿನಿದ್ದೆ ಎಂದು ಹೆಸರಿಟ್ಟಿದ್ದರು. ಲೋಡಿಗಾಗಿ ಸಾಲಿನಲ್ಲಿ ಕಾಯುವಾಗ ಸ್ಟೇರಿಂಗಿಗೆ ಹಣೆ ಹಚ್ಚಿ ಕಣ್ಣು ಮುಚ್ಚುವುದಷ್ಟೇ ಅವನ ನಿದ್ದೆ. ಈ ವಾರ ಅದೂ ಇರಲಿಲ್ಲ.

"ಬೆವರ್ತಿದೀರಾ?"

"ಬಿಸಿಲಲ್ಲಿ ಬೆವರದೆ ಇನ್ನೇನು? ಎಡಗೈ ಬೇರೆ ಜೋಮು ಹಿಡಿದಿದೆ. ಸರಿ ಹೋಗತ್ತೆ ಬಿಡು."

ಅವಳ ಅಣ್ಣನೂ ಬರೀ ಗ್ಯಾಸು ಅಂತಲೇ ಹೇಳಿ ಮಲಗಿದವನು, ಮತ್ತೆ ಏಳಲಿಲ್ಲ.

"ಗಾಡಿ ಪಕ್ಕಕ್ಕೆ ಹಾಕ್ರೀ, ನಿಮ್ಮ ಕಾಲಿಗೆ ಬೀಳ್ತೀನಿ."

"ತಲೆ ಕೆಟ್ಟಿದ್ಯಾ? ಸಂಜೆಯೊಳಗೆ ಲೋಡ್ ಮುಟ್ಟಬೇಕು. ಈಗ ಹೊಳೆ ಸೇತುವೆ ಹತ್ರ ಇದೀನಿ. ಪೇಟೆ ದಾಟಿದ ಮೇಲೆ ನೋಡೋಣ." ಫೋನ್ ಇಟ್ಟೇಬಿಟ್ಟ. ಮತ್ತೆ ಮತ್ತೆ ಮಾಡಿದರೂ ಎತ್ತಲಿಲ್ಲ.

ತಲೆ ಮೇಲೆ ತಲೆ ಬಿದ್ದರೂ ಅವನು ನಿಲ್ಲಿಸುವವನಲ್ಲ. ನಡುಪೇಟೆಯಲ್ಲಿ ಸ್ಟೇರಿಂಗ್ ಮೇಲೆ ಒರಗಿದರೆ ಅವನೊಬ್ಬನೇ ಹೋಗುವುದೂ ಇಲ್ಲ. ಡಿಪೋಗೆ ಫೋನ್ ಮಾಡಿದಳು.

ಸೂಪರ್‌ವೈಸರ್ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಅವನ ಹೊಟ್ಟೆ ಗ್ಯಾಸಿಗೆ ನಾನೇನಮ್ಮ ಮಾಡ್ಲಿ? ಒಂದು ಸೋಡಾ ಕುಡೀಲಿ. ಬದಲಿ ಡ್ರೈವರ್ ಎಲ್ಲಿಂದ ತರಲಿ ನಾನು?"

ಆಗ ಅವಳಿಗೆ ಹೊಳೆಯಿತು. ಅವನ ಜೀವಕ್ಕೆ ಯಾರೂ ಗಾಡಿ ನಿಲ್ಲಿಸುವುದಿಲ್ಲ, ಅವನೂ ನಿಲ್ಲಿಸುವುದಿಲ್ಲ. ಮಾಲಿಗೆ ಏನಾದರೂ ಆದರೆ ಊರೇ ನಿಲ್ಲುತ್ತದೆ.

"ಇಡಬೇಡಿ ಸಾರ್. ಹೊಟ್ಟೇದಲ್ಲ, ಟ್ಯಾಂಕರಿಂದು. ವಾಲ್ವ್ ಹತ್ರ ಲೀಕ್ ಆಗ್ತಿದೆ ಅಂದ್ರು. ಅದನ್ನ ಕುಡಿದೇ ಎದೆ ಹಿಡ್ಕೊಂಡಿದೆ. ಆಂಬುಲೆನ್ಸೂ ಕಳ್ಸಿ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. "ಎಲ್ಲಿದಾನೆ?"

"ಹೊಳೆ ಸೇತುವೆ ಹತ್ರ."

ಆಮೇಲೆ ಕಾಯುವುದೊಂದೇ ಉಳಿದದ್ದು. ಹೊಲಿಯಲು ಕೂತರೆ ದಾರ ಸೂಜಿಗೆ ಹೋಗಲಿಲ್ಲ. ನಿಜಕ್ಕೂ ಬರೀ ಗ್ಯಾಸೇ ಆಗಿದ್ದರೆ? ಅವನ ಕೆಲಸ ಹೋಗುತ್ತದೆ, ತನ್ನನ್ನು ಪೊಲೀಸರು ಎಳೆದುಕೊಂಡು ಹೋಗುತ್ತಾರೆ, ಅವನು ಜನ್ಮದಲ್ಲಿ ಮುಖ ಕೊಟ್ಟು ಮಾತಾಡುವುದಿಲ್ಲ. ಹಾಗೇ ಆಗಲಪ್ಪ, ಬರೀ ಗ್ಯಾಸೇ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಕೊನೆಗೂ ಸೂಪರ್‌ವೈಸರ್ ಫೋನ್ ಬಂತು. "ಏನಮ್ಮ, ಹುಡುಗಾಟ ಅಂದ್ಕೊಂಡಿದೀಯಾ? ರಸ್ತೆ ಬಂದ್ ಮಾಡ್ಸಿ, ಅಂಗಡಿ ಖಾಲಿ ಮಾಡ್ಸಿ, ಫೈರಿನವರು ಒಂದೊಂದು ವಾಲ್ವೂ ತಡಕಿದ್ರು. ಎಲ್ಲೂ ಲೀಕಿಲ್ಲ."

"ಅವರು ಎಲ್ಲಿ ಸಾರ್?"

ಸೂಪರ್‌ವೈಸರ್ ದನಿ ಇಳಿಯಿತು. "ಗಾಡಿ ಆಫ್ ಮಾಡಿ ಇಳಿದ. ಇಳಿದವನು ಅಲ್ಲೇ ಕುಸಿದುಬಿಟ್ಟ. ಆಂಬುಲೆನ್ಸ್ ಪಕ್ಕದಲ್ಲೇ ಇತ್ತು, ಕರ್ಕೊಂಡು ಹೋದ್ರು. ರಕ್ತನಾಳ ಕಟ್ಟಿತ್ತಂತೆ, ಬಿಡಿಸಿದಾರೆ. ಮಾತಾಡ್ತಿದಾನೆ. ದೊಡ್ಡಾಸ್ಪತ್ರೆಗೆ ಹೋಗು ತಾಯಿ."

ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು, ಗಂಡನ ಕ್ಷೀಣ ದನಿ.

"ಲೀಕ್ ಅಂತ ಹೇಳಿದ್ದು ನೀನಾ?"

"ಹೂಂ, ನಾನೇ. ಸುಳ್ಳು ಹೇಳ್ದೆ. ಬೈಯೋದಿದ್ರೆ ಬೈದ್ಬಿಡಿ."

ಅವನು ಬೈಯಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹೋದ ದಿನವೂ ಮನೆಗೆ ಬಂದು ನಕ್ಕಿದ್ದ ಮನುಷ್ಯ ಅವನು.

"ನಂಗೆ ತುಂಬಾ ಭಯ ಆಗ್ತಿದೆ ಕಣೆ," ಎಂದ. "ಬೇಗ ಬಾ."

ಅಂಗಡಿಯ ಬಾಗಿಲೂ ಹಾಕದೆ ಆಕೆ ರಸ್ತೆಗೆ ಓಡಿದಳು.