‘ಮುಟ್ಟಬೇಡಿ’ ಎಂಬ ಚೀಟಿ

ಪ್ಯಾಕಿಂಗ್ ಕೋಣೆಯಲ್ಲಿ ಪುಡಿ ತೂಗುವವನನ್ನು ಎಲ್ಲರೂ ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ಬೆಳೆ ತಿನ್ನುವ ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ ಬೆರೆಸಿದ ಪುಡಿ ಅದು. ಎರಡು ವಾರದಿಂದ ಅವನು ಕುಂಟುತ್ತಿದ್ದ. ಊಟದ ಬಿಡುವಿನಲ್ಲಿ ಪ್ಯಾಂಟು ಮಡಚಿ, ಮೀನಖಂಡದ ಹುಣ್ಣನ್ನು ಪ್ರಯೋಗಾಲಯದ ಪರೀಕ್ಷಕಿಗೆ ತೋರಿಸಿದ.

“ಕರೆಯದೆ ಬಂದ ನೆಂಟನ ಥರ ಅಕ್ಕ, ಹೋಗೋ ಮಾತೇ ಇಲ್ಲ. ಯಾವುದೋ ಹುಳ ಕಚ್ಚಿರಬೇಕು ಅಂದ್ರು ಡಾಕ್ಟರು.”

ಅವಳು ನಕ್ಕಳು. ಹುಣ್ಣಿನ ಕಪ್ಪು ಅಂಚು ಕಂಡಾಗ ನಗು ಅಲ್ಲೇ ನಿಂತಿತು. ಹತ್ತಿಯಲ್ಲಿ ಕೀವು ತೆಗೆದುಕೊಂಡಳು.

ಕೀವಿನಲ್ಲಿದ್ದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದರ ಜೀನೋಮ್ ಓದಿಸುವುದಕ್ಕೆ ವಾರ ಹಿಡಿಯಿತು. ಅಕ್ಷರಕ್ಕೆ ಅಕ್ಷರ ಪುಡಿಯಲ್ಲಿರುವ ಬ್ಯಾಕ್ಟೀರಿಯಾದ್ದೇ.

“ಮಾದರಿ ಕಲಬೆರಕೆ ಆಗಿದೆ, ಎಸೀರಿ,” ಎಂದರು ಪ್ರಯೋಗಾಲಯದ ಮುಖ್ಯಸ್ಥರು. “ಇಡೀ ಕಟ್ಟಡದಲ್ಲಿ ಪುಡಿ ಹಾರಾಡ್ತಿದೆ.”

“ಹುಣ್ಣಿನ ಒಳಗಿಂದ ತೆಗೆದದ್ದು ಸರ್.”

“ಈ ಪುಡಿ ಬಂದಮೇಲೆ ಎಷ್ಟು ರೈತರು ವಿಷ ಸಿಂಪಡಿಸೋದು ಬಿಟ್ಟಿದಾರೆ, ನಿಮಗೇ ಗೊತ್ತು. ಒಂದು ಹುಣ್ಣಿಗೋಸ್ಕರ ಅವರ ಕೈಗೆ ಮತ್ತೆ ವಿಷದ ಡಬ್ಬಿ ಕೊಡೋಣವಾ? ಮನುಷ್ಯರ ಮೈ ಶಾಖಕ್ಕೆ ಇದು ಸಾಯುತ್ತೆ. ಹಾಗಂತ ಸಹಿ ಹಾಕಿದ್ದು ನೀವೇ.”

ಹೌದು, ಅವಳೇ. ಬ್ಯಾಕ್ಟೀರಿಯಾ ಬೆಳೆಸುವ ಕಾವುಪೆಟ್ಟಿಗೆಯನ್ನು ಇಪ್ಪತ್ತೆಂಟು ಡಿಗ್ರಿಗೆ ಇಟ್ಟು, ಶಾಖದ ಗುಂಡಿಯ ಮೇಲೆ ‘ಮುಟ್ಟಬೇಡಿ’ ಎಂದು ಯಾರೋ ಚೀಟಿ ಅಂಟಿಸಿ ಆರು ವರ್ಷವಾಗಿತ್ತು. ಯಾರೂ ಮುಟ್ಟಿರಲಿಲ್ಲ. ಮೈ ಶಾಖದ ಪರೀಕ್ಷೆಯನ್ನು ಹಿಂದಿನವರು ಮಾಡಿಯೇ ಇರುತ್ತಾರೆಂದು ಅವಳು ಹಳೆಯ ವರದಿಯ ಸಾಲನ್ನು ನಕಲಿಸಿದ್ದಳು. ಅವರು ಯಾರಿಂದ ನಕಲಿಸಿದ್ದರೋ! ಓದಿದವರ ಸೋಮಾರಿತನ ಬೇಗ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದರ ಕೆಳಗೆ ಸಹಿ ಇರುತ್ತದೆ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಪುಡಿಯ ಬ್ಯಾಕ್ಟೀರಿಯಾ ಹಚ್ಚಿದ ತಟ್ಟೆಯನ್ನು ಪೆಟ್ಟಿಗೆಯೊಳಗಿಟ್ಟಳು. ಚೀಟಿ ಕಿತ್ತು, ಗುಂಡಿಯನ್ನು ಮೂವತ್ತೇಳಕ್ಕೆ ತಿರುಗಿಸಿದಳು.

ಮರುದಿನ ಮಧ್ಯಾಹ್ನ ಬಾಗಿಲು ತೆಗೆದರೆ ತಟ್ಟೆಯ ತುಂಬ ದಟ್ಟವಾಗಿ ಬೆಳೆದಿತ್ತು. ದೀಪ ಆರಿಸಿ ನೋಡಿದಳು. ಈ ಬ್ಯಾಕ್ಟೀರಿಯಾದಿಂದ ಸತ್ತ ಹುಳುಗಳ ಮೈಯಲ್ಲಿ ಕಾಣುವ ಅದೇ ಮಂಕು ಹಸಿರು ಬೆಳಕು ಮನುಷ್ಯರ ಮೈ ಶಾಖದಲ್ಲೂ ಉರಿಯುತ್ತಿತ್ತು.

ನೇರ ಪ್ಯಾಕಿಂಗ್ ಕೋಣೆಗೆ ಹೋಗಿ ಯಂತ್ರದ ಸ್ವಿಚ್ ಆರಿಸಿದಳು. ಬರಿಗೈಯಲ್ಲಿ ಪುಡಿ ತುಂಬುತ್ತಿದ್ದ ನಾಲ್ವರೂ ತಿರುಗಿ ನೋಡಿದರು. ಒಬ್ಬಳ ಮೊಣಕೈಗೆ ಬಟ್ಟೆ ಸುತ್ತಿತ್ತು.

“ಅದೇನಮ್ಮ?”

“ಹುಳ ಕಚ್ಚಿದ್ದಂತೆ ಅಕ್ಕ.”

“ಎಲ್ಲರೂ ಕೈ ತೊಳ್ಕೊಂಡು ಹೊರಗೆ ಬನ್ನಿ. ಈಗಲೇ ಆಸ್ಪತ್ರೆಗೆ ಹೋಗೋಣ.”

“ಪುಡಿಯಿಂದಾನಾ?” ಎಂದ ತಕ್ಕಡಿಯಣ್ಣ. “ಪೊಟ್ಟಣದ ಮೇಲೆ ಅಪಾಯ ಇಲ್ಲ ಅಂತ ಇದೆಯಲ್ಲ.”

“ಅದು ನನ್ನ ಮಾತು. ನೋಡದೆ ಬರೆದಿದ್ದೆ.”

ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಡಾಕ್ಟರಿಗೆ ಕೊಡಲು ಜೀನೋಮ್ ವರದಿಯನ್ನು ಅವನ ಕೈಗಿತ್ತಳು. ಕೆಳಗೆ ಅವಳ ಸಹಿ ಇತ್ತು.

ಹೊರಗೆ ಪುಡಿಯ ಮೂಟೆ ಸಾಗಿಸುವ ಲಾರಿ ನಿಲ್ಲುವ ಜಾಗ ಖಾಲಿಯಿತ್ತು. ಅವಳು ಡ್ರೈವರನಿಗೆ ಫೋನು ಮಾಡಿದಳು.

“ಅಂಗಡಿಗಳಿಗೆ ಎಲ್ಲಾ ಮೂಟೆ ಇಳಿಸಾಯ್ತಲ್ಲ ಅಕ್ಕ,” ಎಂದನವನು ಖುಷಿಯಿಂದ. “ಮೈಯೆಲ್ಲ ಪುಡಿ ನೋಡಿ.”

“ಮೊದಲು ಸ್ನಾನ ಮಾಡಿ ಅಣ್ಣ. ಆಮೇಲೆ ಎಲ್ಲೆಲ್ಲಿ ಇಳಿಸಿದ್ರಿ, ಒಂದೊಂದೇ ಹೇಳಿ. ಬರ್ಕೊಳ್ತೀನಿ.”