ಹೊನ್ನೂರಪ್ಪ ಓಡಿಸಿದ ಟ್ರ್ಯಾಕ್ಟರು

ಅನುಸೂಯಾಗೆ ಹಳೆಯ ಟ್ರ್ಯಾಕ್ಟರುಗಳ ಹುಚ್ಚು ಹಿಡಿದು ಆರು ವರ್ಷವಾಗಿತ್ತು. ಕುರೆಕುಪ್ಪದಲ್ಲಿ ಬಾಡಿಗೆ ಕೋಣೆ, ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಕೆಲಸ. ವಾರದ ರಜೆ ಬಂತೆಂದರೆ ಅವಳ ಸ್ಕೂಟರ್ ಬುಕ್ಕಸಾಗರದ ಮನೆಯ ದಾರಿ ಹಿಡಿಯುತ್ತಿತ್ತು. ಮನೆಗೆ ಅನ್ನುವುದಕ್ಕಿಂತ ಮನೆಯ ಹಿಂದಿನ ತಗಡಿನ ಶೆಡ್ಡಿಗೆ ಅನ್ನಬೇಕು. ಗುಜರಿಗೆ ಹೋಗಬೇಕಿದ್ದ ಎರಡು ಟ್ರ್ಯಾಕ್ಟರುಗಳು ಅವಳ ಕೈಯಲ್ಲಿ ಜೀವ ಪಡೆದು ಅಲ್ಲಿ ನಿಂತಿದ್ದವು. ಒಂದು ಮುಗಿದಾಗಲೆಲ್ಲ ಇನ್ನು ಸಾಕು ಎಂದು ಗಟ್ಟಿ ಮನಸ್ಸು ಮಾಡುವಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಯಾರ ಹಿತ್ತಲಲ್ಲಿ ಯಾವ ಗಾಡಿ ತುಕ್ಕು ಹಿಡಿದು ಬಿದ್ದಿದೆ ಎಂದು ಕಂಡಕಂಡವರನ್ನು ಕೇಳಲು ಶುರು. ಮದುವೆ ಮನೆಗೆ ಕರೆದುಕೊಂಡು ಹೋದರೂ ಊಟಕ್ಕೆ ಮೊದಲು ಹಿತ್ತಲು ನೋಡಿ ಬರುತ್ತಾಳೆ ಎಂದು ತಾಯಿ ದುರ್ಗಕ್ಕ ನೆಂಟರ ಮುಂದೆ ದೂರುತ್ತಿದ್ದಳು.

ಈ ಹುಚ್ಚಿಗೆ ಅವಳ ಜೊತೆಗಾರ ತಾತ ಹೊನ್ನೂರಪ್ಪ. ಎಪ್ಪತ್ತಾರು ವರ್ಷದ ಮನುಷ್ಯ. ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಆಮೇಲೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಕಾಲ ಕಳೆದವನು. ಸ್ಟೇರಿಂಗ್ ಯಾಕೆ ಬಿಟ್ಟೆ ಎಂದು ಕೇಳಿದರೆ ಮಾತು ತೇಲಿಸಿಬಿಡುತ್ತಿದ್ದ. ಆದರೆ ಸದ್ದು ಕೇಳಿಯೇ ಯಾವ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದು ಹೇಳುವ ಕಿವಿ ಅವನದು.

ಮೂರನೆಯದು ಮಲಪನಗುಡಿಯಲ್ಲಿ ಸಿಕ್ಕಿತು. ದೊಡ್ಡಬಸಪ್ಪ ಎಂಬ ಜಮೀನುದಾರರ ಕಣದ ಮೂಲೆಯಲ್ಲಿ ನಿಂತಿದ್ದ ಮೂರು ಸಿಲಿಂಡರಿನ ಕೆಂಪು ಗಾಡಿ ಅದು. ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು. ಪಿಸ್ಟನ್ನುಗಳು ಕಚ್ಚಿಕೊಂಡು ಎಂಜಿನ್ ಸೀಜ್ ಆಗಿ ಇಪ್ಪತ್ತಾರು ವರ್ಷವಾಗಿತ್ತಂತೆ. ದೊಡ್ಡಬಸಪ್ಪನವರ ಮಗ ಅದನ್ನು ಗುಜರಿಯ ಬೆಲೆಗೇ ಕೊಟ್ಟ. ನೀನು ಯಾರ ಪೈಕಿ ಎಂದು ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಲಾರಿಯಿಂದ ಗಾಡಿ ಇಳಿಯುವಾಗ ಹೊನ್ನೂರಪ್ಪ ಅಂಗಳದಲ್ಲೇ ಇದ್ದ. ಎಡಗಡೆಯ ಮಡ್‌ಗಾರ್ಡಿನ ಮೇಲಿದ್ದ ಹಳೆಯ ತಗ್ಗನ್ನು ಒಂದು ಸಲ ನೋಡಿದವನೇ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಆ ರಜೆಯಲ್ಲೂ ಅದರ ಮುಂದಿನ ರಜೆಯಲ್ಲೂ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಅನುಸೂಯಾ ಕಾಡಿ ಕೇಳಿದ ಮೇಲೆ ದುರ್ಗಕ್ಕ ಬಾಯಿ ಬಿಟ್ಟಳು.

ಆ ಗಾಡಿಯನ್ನು ದುರ್ಗಕ್ಕನ ಮಾವ ಹೊನ್ನೂರಪ್ಪನೇ ಹದಿನೆಂಟು ವರ್ಷ ಓಡಿಸಿದ್ದ. ಒಂದು ನಾಟಿಯ ಹಂಗಾಮಿನಲ್ಲಿ ಗದ್ದೆ ಕೆಸರು ಮಾಡುತ್ತಿದ್ದಾಗ ಎಂಜಿನ್ ಕಚ್ಚಿಕೊಂಡು ನಿಂತಿತು. ಇವನು ಆಯಿಲ್ ಮಾರಿಕೊಂಡು, ಆಯಿಲ್ ಇಲ್ಲದೆಯೇ ಎಂಜಿನ್ ಓಡಿಸಿದ್ದಾನೆ ಎಂದು ದೊಡ್ಡಬಸಪ್ಪ ಕಣದಲ್ಲಿ ಎಲ್ಲರೆದುರು ಅಂದರು. ಅಳತೆ ಕಡ್ಡಿ ಎತ್ತಿ ನೋಡಿದರೆ ಆಯಿಲ್ ಪೂರ್ತಿ ಇತ್ತು. ಗಾಡಿ ನಿಂತ ಮೇಲೆ ಸುರಿದಿದ್ದೀಯ, ಕಳ್ಳ ಎಂದರು. ಅಂದಿನಿಂದ ಸುತ್ತಲಿನ ಯಾವ ಊರಿನಲ್ಲೂ ಅವನ ಕೈಗೆ ಯಾರೂ ಗಾಡಿ ಕೊಡಲಿಲ್ಲ.

ಅನುಸೂಯಾ ಬಾಗಿಲಿಗೆ ಬಂದು ಶೆಡ್ಡಿನ ಕಡೆ ನೋಡಿದಳು. ಆಮೇಲೆ, "ಆ ಎಂಜಿನ್ ಇವತ್ತಿನ ತನಕ ಯಾರೂ ಬಿಚ್ಚಿಲ್ಲ ಯವ್ವ. ಏನಾಗಿತ್ತು ಅನ್ನೋದು ಅದರಾಗ ಹಂಗ ಐತಿ," ಎಂದಳು.

ಕಚ್ಚಿಕೊಂಡ ಪಿಸ್ಟನ್ನುಗಳು ಸಡಿಲಾಗಲೆಂದು ಸಿಲಿಂಡರುಗಳಿಗೆ ಡೀಸೆಲ್ ತುಂಬಿ ಮೂರು ವಾರ ನೆನೆಯಲು ಬಿಟ್ಟಳು. ನಾಲ್ಕನೆಯ ವಾರ ಕೆಳಗೆ ಮಲಗಿ ಆಯಿಲಿನ ತೊಟ್ಟಿ ಇಳಿಸಿದಳು. ಪಾಕ ಬಂದ ಬೆಲ್ಲದ ಹಾಗೆ ಗಟ್ಟಿಯಾದ ಕರಿ ಆಯಿಲ್ ತೊಟ್ಟಿಯ ತುಂಬಾ ಇತ್ತು. ಅದನ್ನು ಮೇಲಕ್ಕೆ ಎತ್ತಿ ಎಂಜಿನ್ನಿಗೆಲ್ಲ ಹಂಚಬೇಕಾದ ಪಂಪನ್ನು ಬಿಚ್ಚಿದಾಗ ಅದರ ಶಾಫ್ಟು ಎರಡು ತುಂಡಾಗಿ ಅವಳ ಅಂಗೈಗೆ ಬಿತ್ತು. ಮುರಿದ ಶಾಫ್ಟುಗಳನ್ನು ನೋಡುವುದೇ ಕಾರ್ಖಾನೆಯಲ್ಲಿ ಅವಳ ಕೆಲಸ. ಮುರಿದ ಜಾಗದ ಮುಕ್ಕಾಲು ಭಾಗ ಸವೆದು ನುಣುಪಾಗಿತ್ತು, ಉಳಿದ ಕಾಲು ಭಾಗ ಮಾತ್ರ ಒರಟಾಗಿತ್ತು. ಅಂದರೆ ಕೂದಲೆಳೆಯಂಥ ಬಿರುಕೊಂದು ತಿಂಗಳುಗಟ್ಟಲೆ ಒಳಗೇ ಬೆಳೆದು, ಕೊನೆಗೊಂದು ದಿನ ಪೂರ್ತಿ ಮುರಿದಿತ್ತು. ಪಂಪು ತಿರುಗದಿದ್ದರೆ ಆಯಿಲ್ ತೊಟ್ಟಿ ತುಂಬಾ ಇದ್ದೂ ಇಲ್ಲದ ಹಾಗೆಯೇ. ಯಾವ ಡ್ರೈವರಿಗೂ ಹೊರಗಿನಿಂದ ಇದು ಕಾಣುವಂಥದ್ದಲ್ಲ.

ಅವಳು ಕೈ ಒರೆಸಿಕೊಳ್ಳದೆಯೇ ಒಳಗೆ ಹೋಗಿ ಎರಡು ತುಂಡುಗಳನ್ನು ತಾತನ ಮುಂದೆ ಇಟ್ಟಳು. ಹೊನ್ನೂರಪ್ಪ ಅವನ್ನು ಎತ್ತಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಒಂದಕ್ಕೊಂದು ಕೂಡಿಸಿ ನೋಡಿದ.

"ಟಕ್ ಅಂತ ಸಪ್ಪಳ ಬಂದಿತ್ತವ್ವ ಆವತ್ತು. ನಾನು ಹೇಳಿದೆ. ಯಾರೂ ಕೇಳಲಿಲ್ಲ," ಎಂದ.

ನಾಳೆಯೇ ಮಲಪನಗುಡಿಗೆ ಹೋಗೋಣ ಎಂದಳು ಅನುಸೂಯಾ. ತಾತ ತಲೆಯಾಡಿಸಿದ. "ಈಗ ಬ್ಯಾಡ. ಮೊದಲು ಗಾಡಿ ನಡೀಲಿ. ಅದರ ಮ್ಯಾಲ ಕುಂತು ಹೋಗಾಣ." ಎದ್ದು ಶೆಡ್ಡಿಗೆ ಬಂದು ಪಾನಾ ಕೈಗೆತ್ತಿಕೊಂಡ.

ಮುಂದಿನ ಏಳು ತಿಂಗಳು ಇಬ್ಬರಿಗೂ ಬೇರೆ ಯೋಚನೆಯೇ ಇರಲಿಲ್ಲ. ಹೊಸಪೇಟೆಯ ಲೇತಿನಲ್ಲಿ ಹೊಸ ಶಾಫ್ಟು ಕಡೆಸಿದರು. ಪಿಸ್ಟನ್ನುಗಳಿಗಾಗಿ ಮೂರು ಊರು ಸುತ್ತಿದರು. ಪಾಳಿ ಮುಗಿಸಿ ಕಾರ್ಖಾನೆಯ ಬಸ್ಸಿನಲ್ಲಿ ಕುಳಿತರೂ ಅನುಸೂಯಾಳ ಬೆರಳುಗಳು ತೊಡೆಯ ಮೇಲೆ ಯಾವುದೋ ಬೋಲ್ಟು ಬಿಗಿಯುತ್ತಿದ್ದವು. ಅವಳು ಇಲ್ಲದ ದಿನಗಳಲ್ಲಿ ತಾತ ಒಬ್ಬನೇ ಕೂತು ಬಣ್ಣ ಉಜ್ಜುತ್ತಿದ್ದ. ಮಡ್‌ಗಾರ್ಡಿನ ತಗ್ಗನ್ನು ಮಾತ್ರ ತಟ್ಟಿ ಸರಿಮಾಡಲು ಬಿಡಲಿಲ್ಲ. ಅದು ತಾನು ಮಾಡಿದ ತಗ್ಗು, ಇರಲಿ ಎಂದ.

ಒಂದು ಭಾನುವಾರ ಬೆಳಿಗ್ಗೆ ಎಂಜಿನ್ ಎರಡು ಸಲ ಕೆಮ್ಮಿ, ಅಂಗಳದ ತುಂಬಾ ನೀಲಿ ಹೊಗೆ ಉಗುಳಿ, ಮೂರನೆಯ ಸಲಕ್ಕೆ ಚಾಲೂ ಆಯಿತು. ಹೊನ್ನೂರಪ್ಪ ಕಿವಿಗೊಟ್ಟು ಕೇಳಿದ. ಮೂರೂ ಸಿಲಿಂಡರು ಸರಿಯಾಗಿವೆ ಎಂದ. ಇಪ್ಪತ್ತಾರು ವರ್ಷದ ಮೇಲೆ ಆ ಸೀಟು ಹತ್ತಿದವನಿಗೆ ಗೇರು ಎಲ್ಲಿದೆ ಎಂದು ಯಾರೂ ತೋರಿಸಬೇಕಾಗಲಿಲ್ಲ. ಅನುಸೂಯಾ ಮಡ್‌ಗಾರ್ಡಿನ ಮೇಲೆ ಕುಳಿತಳು. ಕಮಲಾಪುರ ದಾಟಿ ಮಲಪನಗುಡಿಯ ಕಣದವರೆಗೂ ಒಮ್ಮೆಯೂ ಗಾಡಿ ನಿಲ್ಲಲಿಲ್ಲ.

ದೊಡ್ಡಬಸಪ್ಪ ಜಗಲಿಯ ಮೇಲೆ ಕುಳಿತಿದ್ದರು. ಎಂಬತ್ತು ದಾಟಿದ ಜೀವ. ಮೊದಲು ಗುರುತಿಸಿದ್ದು ಗಾಡಿಯನ್ನು, ಆಮೇಲೆ ಓಡಿಸುತ್ತಿದ್ದವನನ್ನು. ಹೊನ್ನೂರಪ್ಪ ಇಳಿದು ಬಂದು ಎರಡು ತುಂಡುಗಳನ್ನು ಅವರ ಕೈಗಿಟ್ಟ.

"ಆಯಿಲ್ ಪಂಪಿನ ಶಾಫ್ಟು ರೀ, ಸಾವ್ಕಾರ್ರೆ. ಆವತ್ತು ಮುರಿದಿದ್ದು ಇದು."

ಜೀವಮಾನವಿಡೀ ಟ್ರ್ಯಾಕ್ಟರ್ ಸಾಕಿದ ಮನುಷ್ಯನಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಳೇ ಮಾತು ಈಗ್ಯಾಕೆ, ಬಾ, ಚಾ ಕುಡಿ ಎಂದರು.

ಆಗ ಅನುಸೂಯಾ ಮುಂದೆ ಬಂದಳು. ಯಂತ್ರ ನಿಲ್ಲಿಸಲೇಬೇಕು ಎಂದು ಕಾರ್ಖಾನೆಯ ಮೇಲಿನವರಿಗೆ ಹೇಳುವಾಗಿನ ದನಿ ಅವಳದು. "ಚಾ ಆಮ್ಯಾಲ ಕುಡಿತೀವ್ರಿ, ದೊಡ್ಡಬಸಪ್ನೋರೆ. ನಮ್ಮ ತಾತಗ ಕಳ್ಳ ಅಂದಿದ್ದು ಇದ ಕಣದಾಗ, ಮಂದಿ ಮುಂದ. ಅಲ್ಲ ಅನ್ನೋದೂ ಮಂದಿ ಮುಂದನ ಆಗಬೇಕು."

ಮಗ ಸಿಟ್ಟಿನಿಂದ ಏನೋ ಹೇಳಲು ಹೊರಟ. ಮುದುಕರು ಕೈಯೆತ್ತಿ ಅವನನ್ನು ತಡೆದರು. ಎಂಜಿನ್ ಸದ್ದಿಗೆ ಆಗಲೇ ಅಕ್ಕಪಕ್ಕದವರು ಕೂಡಿದ್ದರು. ಆವತ್ತು ಅದೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಜಡೆಪ್ಪನೂ ಇದ್ದ. ದೊಡ್ಡಬಸಪ್ಪ ಕಂಬ ಹಿಡಿದುಕೊಂಡು ಎದ್ದು ನಿಂತರು.

"ಹೊನ್ನೂರಪ್ಪ ಏನೂ ಕದ್ದಿರಲಿಲ್ಲ. ನಾನು ಬಿಚ್ಚಿ ನೋಡದೆ ಮಾತಾಡಿದೆ. ತಪ್ಪು ನಂದು," ಎಂದರು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿ, "ಮ್ಯಾಲ ಬಾ, ಕುಂದ್ರು," ಎಂದರು.

ಹದಿನೆಂಟು ವರ್ಷ ದುಡಿದಾಗಲೂ ಹೊನ್ನೂರಪ್ಪ ಆ ಜಗಲಿಯ ಮೆಟ್ಟಿಲು ಹತ್ತಿದವನಲ್ಲ. ಈಗ ಹತ್ತಿ ಕುಳಿತ. ಆವತ್ತು ನಾನೂ ಬಾಯಿ ಬಿಡಲಿಲ್ಲ ಎಂದು ಜಡೆಪ್ಪ ಅವನ ಕೈ ಹಿಡಿದುಕೊಂಡ. ಚಹಾ ಬಂತು, ಎಲ್ಲರಿಗೂ ಒಂದೇ ಥರದ ಲೋಟದಲ್ಲಿ.

ಹಿಂದಿರುಗುವಾಗ ಸ್ಟೇರಿಂಗ್ ಅನುಸೂಯಾಳ ಕೈಯಲ್ಲಿತ್ತು. ತಾತ ಮಡ್‌ಗಾರ್ಡಿನ ಹಳೆಯ ತಗ್ಗಿನ ಮೇಲೆ ಕೈಯಿಟ್ಟು ಕುಳಿತಿದ್ದ. ಅತ್ತಿರಬಹುದು, ಅವಳು ತಿರುಗಿ ನೋಡಲಿಲ್ಲ. ಕಮಲಾಪುರದ ಕೆರೆ ಏರಿಯ ಹತ್ತಿರ ಬಂದಾಗ ಅವನು, ಸಂಡೂರಿನ ಆಚೆ ಮುಚ್ಚಿಹೋದ ಗಣಿಯೊಂದರ ಹಿಂದೆ ಎರಡು ಸಿಲಿಂಡರಿನ ಭಾಳ ಹಳೆಯ ಗಾಡಿಯೊಂದು ಬಿದ್ದಿದೆ ಎಂದು ಜಡೆಪ್ಪ ಹೇಳಿದ್ದನ್ನು ತಿಳಿಸಿದ.

ಎಂಜಿನ್ ತಿರುಗುತ್ತದಂತೆಯೇ ಎಂದು ಅವಳು ಕೇಳಿದಳು.

ಇಲ್ಲವಂತೆ ಎಂದ ತಾತ.

"ಹಂಗಾರ ಬರೋ ಭಾನುವಾರನ ಹೋಗಾಣ," ಎಂದು ಅನುಸೂಯಾ ಗೇರು ಬದಲಿಸಿದಳು.