ನಾಲ್ಕನೆಯ ಹೆಗಲು

ಇದನ್ನೊಂದು ಪೂರ್ತಿ ಕೇಳಿಬಿಡಿ, ಆಮೇಲೆ ಎದ್ದು ಹೋಗುವುದಾದರೆ ಹೋಗಿ. ಮಧ್ಯದಲ್ಲೇ ಎದ್ದರೆ ಅಟ್ರಾಕ್ಟಾಳನ್ನು ಕೆಟ್ಟವಳು ಅಂದುಕೊಂಡು ಹೋಗುತ್ತೀರಿ, ಇಲ್ಲವೇ ತುಂಬಾ ಒಳ್ಳೆಯವಳು ಅಂದುಕೊಂಡು ಹೋಗುತ್ತೀರಿ. ಎರಡೂ ಆತುರದ ತೀರ್ಪೇ ಆಗುತ್ತದೆ.

ಅಟ್ರಾಕ್ಟಾ ಮ್ಯಾಕ್‌ಟಾರ್ವಿ ಐವತ್ತು ದಾಟಿದ ಹೆಂಗಸು. ಮದುವೆಯಾಗಿಲ್ಲ. ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ, ಐರ್ಲೆಂಡಿನ ಕ್ಲೂನಾಡ್ರಾ ಸರೋವರದ ದಂಡೆಯಲ್ಲಿ ಅಪ್ಪನ ಜೊತೆ ಮನೆ. ಆ ಅಪ್ಪ, ಲಾಕ್ಲನ್, ಅಕ್ಟೋಬರ್ ತಿಂಗಳ ಒಂದು ಮುಂಜಾನೆ ತೀರಿಕೊಂಡ. ಅಟ್ರಾಕ್ಟಾ ಅಲ್ಲಿನ ಪದ್ಧತಿಯಂತೆ ಗೋಡೆ ಗಡಿಯಾರ ನಿಲ್ಲಿಸಿದಳು, ಕನ್ನಡಿಗೆ ಬಟ್ಟೆ ಹೊದಿಸಿದಳು, ಜೀವ ಹೊರಗೆ ಹೋಗಲಿ ಎಂದು ಕಿಟಕಿ ತೆರೆದಳು, ಆಮೇಲೆ ಚಹಾಕ್ಕೆ ನೀರಿಟ್ಟಳು. ಬಂದವರು ಕೈ ಹಿಡಿದು "ನಿನ್ನ ದುಃಖದಲ್ಲಿ ನಾವೂ ಇದ್ದೀವಿ ಕಣಮ್ಮ" ಎಂದರೆ ತಲೆಯಾಡಿಸಿದಳು. ಎಲ್ಲಿದೆ ದುಃಖ ಎಂದು ಒಳಗೆ ಹುಡುಕಿ ನೋಡಿದರೆ ಏನೂ ಸಿಗುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಹಾಗಿತ್ತು ಅವಳಿಗೆ ಮೈಯೆಲ್ಲ.

"ಏನೇ ಇದು, ಕುದಿಯೋ ನೀರಲ್ಲಿ ಕೈ ಅದ್ದಿದ್ದೀಯಲ್ಲೇ!" ಎಂದು ಪಕ್ಕದ ಮನೆಯ ಫಿಲೋಮಿನಾ ಅವಳ ಕೈ ಎಳೆದಳು. ಕೈ ಕೆಂಪಾಗಿತ್ತು. ಅಟ್ರಾಕ್ಟಾ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

ಈಗ ಆ ಹೆಸರಿನ ವಿಷಯ ಹೇಳಿಬಿಡುತ್ತೇನೆ, ಅದಿಲ್ಲದಿದ್ದರೆ ಈ ಕತೆಗೆ ಕಾಲೇ ಇಲ್ಲ. ಐರ್ಲೆಂಡಿನಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಒಬ್ಬ ಕೆಲ್ಲಿಗೋ ಮರ್ಫಿಗೋ ತಗಲುತ್ತದೆ. ಮ್ಯಾಕ್‌ಟಾರ್ವಿಗೆ ತಗಲಬೇಕಾದರೆ ಈ ಸರೋವರಕ್ಕೇ ಬಂದು, ಗುರಿಯಿಟ್ಟು ಎಸೆಯಬೇಕು. ಹಳೆಯ ಭಾಷೆಯಲ್ಲಿ ಆ ಹೆಸರಿನೊಳಗೆ ಗೂಳಿ ಇದೆ. ಮೊದಲನೆಯ ಟಾರ್ವಿ, ದನ ಲೂಟಿ ಮಾಡಲು ಬಂದ ಪಕ್ಕದ ಸೀಮೆಯವರಿಂದ ಊರಿನ ಗೂಳಿಯನ್ನು ಉಳಿಸಲು ಅದರ ಕೊಂಬು ಹಿಡಿದು ಇಡೀ ಸರೋವರ ಈಜಿ ದಾಟಿದನಂತೆ. ಇದು ಲಾಕ್ಲನ್ ಹೇಳುತ್ತಿದ್ದ ಕತೆ. ಊರವರ ಕತೆ ಬೇರೆ. ಉಳಿಸಲು ಅಲ್ಲ, ಆ ಗೂಳಿಯನ್ನು ಕದ್ದವನೇ ಅವನು!

ಪಬ್ಬಿನಲ್ಲಿ ಯಾರಾದರೂ ಇದನ್ನೆತ್ತಿದರೆ ಲಾಕ್ಲನ್ ಗ್ಲಾಸು ಕೆಳಗಿಟ್ಟು ಹೇಳುತ್ತಿದ್ದ, "ಕದ್ದನೋ ಉಳಿಸಿದನೋ, ಈಜಿದ್ದಂತೂ ನಿಜ ಅಲ್ವಾ? ನಿಮ್ಮ ವಂಶದೋರು ಆಗ ದಡದಲ್ಲಿ ನಿಂತು ಬಾಯಿ ಬಿಟ್ಕೊಂಡು ನೋಡ್ತಿದ್ರು."

ಒಂದು ಕಾಲಕ್ಕೆ ಸರೋವರದ ಸುತ್ತ ಹೊಗೆಯಾಡುತ್ತಿದ್ದ ಚಿಮಣಿಗಳೆಲ್ಲ ಟಾರ್ವಿಗಳವೇ. ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದ ವರ್ಷಗಳಲ್ಲಿ ಹಲವರು ಮಣ್ಣಿಗೆ ಹೋದರು, ಹಲವರು ಹಡಗಿಗೆ. ಹಡಗು ಹತ್ತಿದವರು ಬಾಸ್ಟನ್ನಿನಲ್ಲಿ ನಾಲಿಗೆಗೆ ಸುಲಭವಾದ ಇನ್ನೇನೋ ಹೆಸರಿಟ್ಟುಕೊಂಡರು. ಉಳಿದವರನ್ನು ಇಂಗ್ಲೆಂಡಿನ ಕಾರ್ಖಾನೆಗಳು ಒಬ್ಬೊಬ್ಬರನ್ನಾಗಿ ನುಂಗಿದವು. ಕೊನೆಗೆ ಫೋನ್ ಪುಸ್ತಕದಲ್ಲಿ ಕೆಲ್ಲಿಗಳು ಪುಟಗಟ್ಟಲೆ ಹರಡಿಕೊಂಡಿದ್ದರೆ, ಮ್ಯಾಕ್‌ಟಾರ್ವಿಗಳು ಬೆರಳಡಿ ಮುಚ್ಚಿಹೋಗುವಷ್ಟು.

ಆ ಕಡೆ ಒಂದು ಪದ್ಧತಿಯಿದೆ. ಹೆಣದ ಪೆಟ್ಟಿಗೆ ಮನೆಯ ಹೊಸ್ತಿಲಿನಿಂದ ಓಣಿಯ ಗೇಟಿನವರೆಗೆ ಸತ್ತವರ ಹೆಸರೇ ಇರುವ ನಾಲ್ವರು ಗಂಡಸರ ಹೆಗಲ ಮೇಲೆ ಹೋಗಬೇಕು. ಗೇಟು ದಾಟಿದ ಮೇಲೆ ಯಾರು ಹೊತ್ತರೂ ಸರಿ. ಈಗ ಹೆಚ್ಚಿನವರು ಇದನ್ನು ಬಿಟ್ಟಿದ್ದಾರೆ. ಲಾಕ್ಲನ್ ಬಿಟ್ಟಿರಲಿಲ್ಲ. ಅವನಪ್ಪನಿಗೆ ನಾಲ್ವರಿದ್ದರು, ಅಜ್ಜನಿಗೆ ನಲವತ್ತು ಜನ ನೂಕಾಡಿದ್ದರಂತೆ. ಪರಹೆಸರಿನ ಹೆಗಲು ಹೊಸ್ತಿಲಲ್ಲಿ ತಗಲಿತೆಂದರೆ ವಂಶ ಅಲ್ಲಿಗೆ ಮುಗಿಯಿತು ಎಂದೇ ಅವನ ನಂಬಿಕೆ.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವನು ಕೈ ಎತ್ತಿ ಬೆರಳು ಮಡಚಿದ. "ನಿನ್ನ ಚಿಕ್ಕಪ್ಪ ಮ್ಯಾಲಕಿ. ಅವನ ಮಗ ಜಾರ್ಲತ್, ಸಿಡ್ನಿಯಿಂದ ಬರ್ತಾನೆ ಬಿಡು. ನಿನ್ನ ತಮ್ಮ ಡೆಕ್ಲನ್." ನಾಲ್ಕನೆಯ ಬೆರಳು ಮಡಚದೆ ನಿಂತಿತು. ಅಪ್ಪ ಮಗಳು ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಡೆಸ್ ಇದ್ದಾನಲ್ಲಪ್ಪ," ಎಂದಳು ಅಟ್ರಾಕ್ಟಾ.

ಡೆಸ್ ಎಂದರೆ ಲಾಕ್ಲನ್‌ನ ತಂಗಿ ವಿನೀಯ ಮಗ. ವಿನೀ ಹದಿನೆಂಟರ ಹುಡುಗಿಯಾಗಿದ್ದಾಗ ಮದುವೆಯಿಲ್ಲದೆ ಬಸುರಾದಳು. ಯಾರಿಂದ ಎಂದು ಬಾಯಿ ಬಿಡಲಿಲ್ಲ. ಅಪ್ಪ ಅಮ್ಮ ಇಲ್ಲದ ಮನೆ, ಯಜಮಾನಿಕೆ ದೊಡ್ಡಣ್ಣ ಲಾಕ್ಲನ್‌ನದು. ಅವನು ಒಂದು ಪೆಟ್ಟಿಗೆ ಕೊಟ್ಟು ಬಸ್ಸು ಹತ್ತಿಸಿದ. ಅವಳು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹೆತ್ತಳು, ಅಲ್ಲೇ ದುಡಿದಳು, ಮದುವೆಯಾಗಲೇ ಇಲ್ಲ. ಹುಡುಗನಿಗೆ ತಂದೆಯ ಹೆಸರಿಲ್ಲವಾದ್ದರಿಂದ ತಾಯಿಯ ಹೆಸರೇ ಉಳಿಯಿತು, ಮ್ಯಾಕ್‌ಟಾರ್ವಿ. ನಾಚಿಕೆಗೇಡು ಎಂದು ಹೊರಗೆ ಹಾಕಿದ್ದರಿಂದಲೇ ಹೆಸರು ಒಂದು ಕಡೆ ಉಳಿದಿತ್ತು ನೋಡಿ.

ದೊಡ್ಡವನಾದ ಮೇಲೆ ಅವನು ಮಲಿಂಗಾರ್ ಪಟ್ಟಣಕ್ಕೆ ಬಂದು ಟೈರ್ ಅಂಗಡಿ ಹಾಕಿದ. ಡಬ್ಲಿನ್ನಿಗೆ ಹೋಗುವ ಬಸ್ಸಿನಿಂದ ಅಟ್ರಾಕ್ಟಾ ಒಮ್ಮೆ ಆ ಬೋರ್ಡು ನೋಡಿದಳು. ಆ ಹೆಸರು ಕಂಡರೆ ಸಾಕು, ನೆಂಟರೋ ಅಲ್ಲವೋ ಎಂದು ಯೋಚಿಸಬೇಕಾಗಿಯೇ ಇಲ್ಲ. ಮುಂದಿನ ವಾರವೇ ಹೋಗಿ ಮಾತಾಡಿಸಿದಳು. ಆಮೇಲೂ ಆಗಾಗ ಹೋದಳು. ಕಳೆದ ಸಲ ಹೋದಾಗ ಅಂಗಡಿಯ ಅಟ್ಟಣಿಗೆಯಲ್ಲಿ, ಕ್ಯಾಲೆಂಡರಿನ ಪಕ್ಕ, ಒಂದು ಕಂದು ಪೆಟ್ಟಿಗೆ ಕಂಡಳು. ಅದರಲ್ಲಿರುವುದು ಕವೆಂಟ್ರಿಯಲ್ಲಿ ತೀರಿಕೊಂಡ ವಿನೀಯ ಬೂದಿ ಎಂದು ತಿಳಿಯಿತು. ಇಲ್ಲೇಕಿದೆ ಎಂದು ಕೇಳಲಿಲ್ಲ, ಉತ್ತರ ಗೊತ್ತಿತ್ತು. ಮನೆಗೆ ಬಂದು ಅಪ್ಪನಿಗಷ್ಟೇ ಹೇಳಿದ್ದಳು.

ಮಡಚದ ಬೆರಳನ್ನು ಲಾಕ್ಲನ್ ಕಂಬಳಿಯೊಳಗೆ ಸೇರಿಸಿದ. "ಬರ್ಲಿ ಅವನು. ಹೆಸರು ಅಂದ್ರೆ ಹೆಸರು," ಎಂದ. ಆಮೇಲೆ, "ಆದ್ರೆ ಅವಳು ಬೇಡ. ಬೂದಿ ತರ್ತೀನಿ ಅಂತಾನೆ, ನೋಡ್ತಿರು. ಈ ಹೊಸ್ತಿಲ ಒಳಗೂ ಬೇಡ, ನನ್ನ ಮಣ್ಣಿನ ಒಳಗೂ ಬೇಡ. ಮಾತು ಕೊಡು."

ಅಟ್ರಾಕ್ಟಾ ತಲೆಯಾಡಿಸಿದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಅಪ್ಪನಿಗೆ ಅಷ್ಟೇ ಸಾಕಾಯಿತು.

ಹೆಣ ಎತ್ತುವ ದಿನ ಬೆಳಿಗ್ಗೆ ಸರೋವರದ ಮೇಲೆ ಮಂಜು ಕೂತಿತ್ತು. ಅಂಗಳದ ತುಂಬ ಜನ. ಅಡುಗೆಮನೆಯಲ್ಲಿ ಫಿಲೋಮಿನಾ ಹಂದಿಮಾಂಸದ ಸ್ಯಾಂಡ್‌ವಿಚ್ಚುಗಳನ್ನು ಗೋಪುರ ಕಟ್ಟುತ್ತಿದ್ದಳು. ಅಷ್ಟರಲ್ಲಿ ಟೈರ್ ಅಂಗಡಿಯ ವ್ಯಾನು ಬಂದು ಗೇಟಿನ ಹೊರಗೇ ನಿಂತಿತು. ಐವತ್ತರ ಆಚೀಚಿನ ಗಟ್ಟಿ ಆಳು ಇಳಿದ. ಕಪ್ಪು ಕೋಟು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು.

"ಅಯ್ಯೋ ದೇವರೇ, ಆ ಮೂಗು ನೋಡೇ!" ಫಿಲೋಮಿನಾ ಪಿಸುಗುಟ್ಟಿದಳು. "ಲಾಕ್ಲನ್ ಎದ್ದು ಬಂದ ಹಾಗಿದೆ!"

ಮ್ಯಾಲಕಿ ಚಿಕ್ಕಪ್ಪ ಕುಂಟುತ್ತ ಹೋಗಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಎಪ್ಪತ್ತೈದರ ಮುದುಕ, ಬಾಯಿಗೆ ಬೀಗವಿಲ್ಲ. "ನೀನೇನಾ ವಿನೀ ಮಗ? ಎತ್ತರ ನಮ್ಮೋರದಲ್ಲ ಕಣೋ. ಪೆಟ್ಟಿಗೆ ಒಂದು ಕಡೆ ವಾಲುತ್ತೆ."

"ಮಂಡಿ ಬಗ್ಗಿಸ್ಕೊಂಡು ನಡೀತೀನಿ ಬಿಡಿ ಮಾವ," ಎಂದ ಡೆಸ್.

ಮಾವ ಎಂದ ಕೂಡಲೇ ಮ್ಯಾಲಕಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಒಳಗೆ ಬಾರಪ್ಪ, ಚಹಾ ಕುಡಿ."

"ಬೇಡ, ಇಲ್ಲೇ ನಿಲ್ತೀನಿ. ನಿಮ್ಮಣ್ಣ ಕರೆದಿದ್ದು ನನ್ನ ಹೆಗಲನ್ನ, ನನ್ನನ್ನಲ್ಲ."

ಅಟ್ರಾಕ್ಟಾ ಚಹಾ ಹಿಡಿದು ಗೇಟಿನ ಹತ್ತಿರ ಹೋದಳು. ಡೆಸ್ ಕಪ್ಪು ತೆಗೆದುಕೊಂಡು ವ್ಯಾನಿನ ಬಾಗಿಲು ಸ್ವಲ್ಪ ಸರಿಸಿದ. ಮುಂದಿನ ಸೀಟಿನಲ್ಲಿ ಆ ಕಂದು ಪೆಟ್ಟಿಗೆ. ಅದಕ್ಕೂ ಸೀಟಿನ ಬೆಲ್ಟು ಹಾಕಿದ್ದ.

"ಒಂದು ಮಾತು ಕೇಳ್ಲಾ? ಬೇಡ ಅಂದ್ರೆ ಬೇಜಾರಿಲ್ಲ," ಎಂದ. "ಎಲ್ಲ ಮುಗಿದು ಜನ ಹೋದ್ಮೇಲೆ, ಆ ಗುಂಡಿ ಪಕ್ಕದಲ್ಲಿ ಒಂದು ಹಿಡಿ ಹಾಕ್ಲಾ? ಕೊನೆಕೊನೆಗೆ ಅಮ್ಮ ನಮ್ಮ ಕೆರೆ, ನಮ್ಮ ಕೆರೆ ಅಂತಿದ್ಲು. ಕವೆಂಟ್ರೀಲಿ ಎಲ್ಲಿದೆ ಕೆರೆ?"

"ನಾನು ಇಲ್ಲ ಅಂದ್ರೆ?"

"ಇಲ್ಲ ಅಂದ್ರೂ ಹೊರ್ತೀನಿ. ನೀನು ಫೋನ್ ಮಾಡಿ ಕೇಳಿದಾಗ್ಲೇ ಒಪ್ಪಿದ್ದೀನಲ್ಲ. ಇವಳನ್ನ ವಾಪಸ್ ಅಂಗಡಿಗೆ ಕರ್ಕೊಂಡು ಹೋಗ್ತೀನಿ, ಅಷ್ಟೇ."

ಅವನು ಬೆದರಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಸಿಟ್ಟು ಬರುತ್ತಿತ್ತು, ಬೇಡ ಎನ್ನುತ್ತಿದ್ದಳು. ಈಗ ಸಿಟ್ಟೂ ಇಲ್ಲ, ಕರುಣೆಯೂ ಇಲ್ಲ. ಒಂದೇ ಒಂದು ಯೋಚನೆ ಮಾತ್ರ ತಣ್ಣಗೆ ಬಂದು ಕೂತಿತು. ವಿನೀ ಅತ್ತೆಯೂ ಆ ಹೆಸರಿನಲ್ಲೇ ಹುಟ್ಟಿ ಆ ಹೆಸರಿನಲ್ಲೇ ಸತ್ತವಳು. ಅವಳಿಗೂ ನಾಲ್ವರು ಬರಬೇಕಿತ್ತು. ಕವೆಂಟ್ರಿಯಲ್ಲಿ ಅವಳನ್ನು ಹೊತ್ತವರು ಯಾರೋ ಕೂಲಿಯವರು.

"ಕೊಡಿಲ್ಲಿ," ಎಂದಳು. ಪೆಟ್ಟಿಗೆಯನ್ನು ಏಪ್ರನ್ನಿನಲ್ಲಿ ಸುತ್ತಿದಳು. ರೊಟ್ಟಿ ತರುತ್ತಿದ್ದಾಳೆ ಎಂದುಕೊಂಡು ಜನ ದಾರಿ ಬಿಟ್ಟರು. ಹೊಸ್ತಿಲು ದಾಟುವಾಗ ಕಾಲು ಎಡವಬಹುದು, ಎದೆ ಹೊಡೆದುಕೊಳ್ಳಬಹುದು ಎಂದು ಕಾದಳು. ಏನೂ ಆಗಲಿಲ್ಲ.

ಕೋಣೆಯಲ್ಲಿ ಶವಪೆಟ್ಟಿಗೆಯವನು ಹೆಗಾರ್ಟಿ ಮುಚ್ಚಳ ಹಾಕಲು ನಿಂತಿದ್ದ. "ಕೊನೇ ಸಲ ನೋಡ್ಕೊಳ್ಳಮ್ಮ," ಎಂದ. ಆಮೇಲೆ ಅವಳ ಕೈಯಲ್ಲಿದ್ದ ಗಂಟು ನೋಡಿದ, ಅದರ ಆಕಾರ ನೋಡಿದ. ಈ ಕಸುಬಿನವನಿಗೆ ಆ ಆಕಾರ ಹೊಸದೇ? "ಇದೊಳ್ಳೆ ಕತೆ, ಸ್ಕ್ರೂ ಎಲ್ಲ ಕಾರಲ್ಲೇ ಬಿಟ್ಟು ಬಂದೆ," ಎಂದು ಹೊರಗೆ ಹೋದ. ಸ್ಕ್ರೂಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು.

ಅಪ್ಪನ ಮುಖ ಎಂದಿನಂತೆ ಬಿಗಿದುಕೊಂಡಿತ್ತು. ಅವಳು ಕಾಲಿನ ಕಡೆಯ ಬಿಳಿ ಬಟ್ಟೆ ಸರಿಸಿ, ಅವನ ಪಾದಗಳ ಪಕ್ಕ ಪೆಟ್ಟಿಗೆಯನ್ನಿಟ್ಟು, ಅಲುಗಾಡದಂತೆ ಅವನದೇ ಉಣ್ಣೆಯ ಶಾಲು ಒತ್ತಿದಳು. ಬಟ್ಟೆ ಮತ್ತೆ ಸರಿಯಾಗಿ ಹೊದಿಸಿದಳು. "ನಾನು ತಲೆಯಾಡಿಸಿದ್ದೆ, ಗೊತ್ತು," ಎಂದಳು ಮೆಲ್ಲಗೆ. ಅಷ್ಟರಲ್ಲಿ ಹೆಗಾರ್ಟಿ ಬಾಗಿಲು ತಟ್ಟಿದ. ತನ್ನದೇ ಕೆಲಸಕ್ಕೆ ಅವನು ಬಾಗಿಲು ತಟ್ಟಿ ಬಂದದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಹಿಂದೆ ಡೆಕ್ಲನ್ ಮತ್ತು ಜಾರ್ಲತ್. ಮುಂದೆ, ಕಾಲಿನ ಕಡೆಗೆ, ಮ್ಯಾಲಕಿ ಮತ್ತು ಡೆಸ್. ಒಬ್ಬರ ತೋಳು ಇನ್ನೊಬ್ಬರ ಭುಜದ ಮೇಲೆ. ಡೆಸ್ ಹೇಳಿದಂತೆಯೇ ಮಂಡಿ ಬಗ್ಗಿಸಿದ್ದ. ಒಳಗೆ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅಟ್ರಾಕ್ಟಾ ತಿರುಗಿ ಬಂದು ಹೇಳುತ್ತಾಳೆ ಎಂದು ಕಾದಿದ್ದ, ಅವಳು ಬರಲೇ ಇಲ್ಲ. ಜನ ಎರಡು ಸಾಲಾಗಿ ನಿಂತು ಟೋಪಿ ತೆಗೆದರು. ಕಲ್ಲು ಚಪ್ಪಡಿಯ ಮೇಲೆ ಶೂಗಳ ಸದ್ದು ಬಿಟ್ಟರೆ ಬೇರೇನಿಲ್ಲ.

ಗೇಟಿನಲ್ಲಿ ಹೆಗಲು ಬದಲಿಸಿದರು. ಮ್ಯಾಲಕಿ ಭುಜ ಉಜ್ಜಿಕೊಂಡು ಗೊಣಗಿದ, "ಕೊನೆಗೆ ಬರೀ ಎಲುಬಿನ ಗೂಡಾಗಿದ್ನಲ್ಲ ನಮ್ಮಣ್ಣ. ಕಾಲ ಕಡೆ ಇಷ್ಟೊಂದು ಭಾರ ಎಲ್ಲಿಂದ ಬಂತೇ?"

"ಹಠದ ಭಾರ ಇರ್ಬೇಕು ಚಿಕ್ಕಪ್ಪ," ಎಂದಳು ಅಟ್ರಾಕ್ಟಾ. ಅವನು ನಕ್ಕುಬಿಟ್ಟ, ಆಮೇಲೆ ನಗು ಹಾಗೇ ಅಳುವಾಯಿತು. ಅವಳು ಕರವಸ್ತ್ರ ಕೊಟ್ಟಳು. ತನ್ನ ಕಣ್ಣಿಗೆ ಹೇಗೂ ಅದರ ಕೆಲಸವಿರಲಿಲ್ಲ.

ಮಣ್ಣು ಮಾಡಿದ ಮೇಲೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಸೂಪು. ಡೆಸ್ ಅವಳನ್ನು ಕಿಟಕಿಯ ಹತ್ತಿರ ಕರೆದ. "ಎಲ್ಲಿಟ್ಟಿದ್ದೀಯ ಅವಳನ್ನ? ಅಲ್ಲಿಂದ ಜನ ಎಲ್ಲ ಬಂದ್ರು, ಈಗ ಹೋಗಿ ಹಾಕ್ಲಾ?"

"ಹಾಕೋ ಹಾಗಿಲ್ಲ ಡೆಸ್. ಆಗ್ಲೇ ಹೊತ್ಕೊಂಡು ಹೋದೆಯಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎಡಗೈಯಿಂದ ತನ್ನ ಬಲಭುಜವನ್ನು ಮುಟ್ಟಿಕೊಂಡು, ಅಲ್ಲೇ ಕೈ ಇಟ್ಟುಕೊಂಡು ನಿಂತ. ಸೂಪು ಆರಿಹೋಯಿತು.

ಆ ಕಡೆಯಿಂದ ಮ್ಯಾಲಕಿ ಎರಡನೇ ವಿಸ್ಕಿಯ ಧೈರ್ಯದಲ್ಲಿ ಕೂಗುತ್ತಿದ್ದ, "ಈಗ ನನ್ನ ಸರದಿ! ನನಗ್ಯಾರಪ್ಪ? ಜಾರ್ಲತ್, ಡೆಕ್ಲನ್, ಡೆಸ್. ಮೂರೇ ಜನ! ಡೆಸ್, ನಿನಗೆ ಗಂಡು ಮಕ್ಕಳಿದ್ದಾವೇನೋ?"

"ಮೂರು ಹೆಣ್ಣು, ಮಾವ. ಮೂವರೂ ಟೈರ್ ಎತ್ತುತ್ತಾರೆ."

"ಹೆಣ್ಣು ಮಕ್ಕಳಾ!" ಮ್ಯಾಲಕಿ ಯೋಚಿಸಿದ. "ಹೆಸರು?"

"ಹೆಸರು ಅದೇ."

"ಹೂಂ," ಎಂದು ಮುದುಕ ಗ್ಲಾಸು ತಿರುಗಿಸಿದ. ಆಮೇಲೆ ಸೊಸೆಯಂದಿರು, ಮಕ್ಕಳು, ನೆರೆಯವರು ಎಲ್ಲರನ್ನೂ ಬಿಟ್ಟು ನೇರ ಅಟ್ರಾಕ್ಟಾಳ ಕಡೆ ನೋಡಿದ. "ನಿಜ ಹೇಳು ಮಗಳೇ. ಆ ಭಾರ ಹಠದ್ದಲ್ಲ ಅಲ್ವಾ? ನಮ್ಮಣ್ಣನ ಜೊತೆ ಯಾರು ಹೋದ್ರು?"

ಅಟ್ರಾಕ್ಟಾ ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಸುಟ್ಟ ದಿನದಿಂದ ಮೊದಲ ಸಲ ಅದು ಉರಿಯತೊಡಗಿತ್ತು. ಹೌದು ಎಂದರೆ, ಸತ್ತ ಅಪ್ಪನ ಇಷ್ಟ ಮೀರಿದವಳು ಎಂದು ಊರೇ ಹೇಳುತ್ತದೆ, ಪೆಟ್ಟಿಗೆ ಅಗೆದು ತೆಗೆಯಿರಿ ಎಂದು ಡೆಕ್ಲನ್ ಎದ್ದರೂ ಎದ್ದ. ಇಲ್ಲ ಎಂದರೆ, ವಿನೀ ಅತ್ತೆ ತನ್ನ ಮನೆಯ ಮಣ್ಣಿನಲ್ಲೇ ಕಳ್ಳಿಯಂತೆ ಮಲಗಿರಬೇಕು, ಹೆಸರಿಲ್ಲದೆ.

ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?